ಮುಕ್ಕಾಲು ಮೊಳ ದೂರ

ಚೆನ್ನೈಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಾಗುತ್ತೆ ಎಂದು ಎಲ್ಲರೂ ಕೇಳುತ್ತಾರೆ. ನಂಗನಲ್ಲೂರಿನ ಇಸ್ತ್ರಿಯವನಿಂದ ಹಿಡಿದು ಮೈಸೂರಿನ ಸೋದರತ್ತೆಯವರೆಗೆ, ಮಗಳು ಅಮೆರಿಕದಲ್ಲಿದ್ದಾಳೆ ಎಂದು ತಿಳಿದ ಮರುಕ್ಷಣ ಬಾಯಿಂದ ಬರುವ ಪ್ರಶ್ನೆ ಅದೊಂದೇ. ಈ ಪ್ರಬಂಧದ ಲೇಖಕನಿಗೆ ಇದು ಬಹುಕಾಲದ ಹೊಟ್ಟೆಯುರಿ. ಏಕೆಂದರೆ ದೂರದ ಉತ್ತರ ಆತನ ನಾಲಗೆಯ ತುದಿಯಲ್ಲಿ ಸದಾ ಸಿದ್ಧ: ಸುಮಾರು 13,900 ಕಿಲೋಮೀಟರ್. ಬೇಕೆಂದರೆ ನಾಟಿಕಲ್ ಮೈಲಿಯಲ್ಲಿ ಹೇಳುತ್ತಾನೆ, ಬೇಡವೆಂದರೂ ಡಿಗ್ರಿಯಲ್ಲಿ ಹೇಳುತ್ತಾನೆ. ಕೇಳಬೇಕಲ್ಲ!

ಕೆಲವರಿಗೆ ಕ್ರಿಕೆಟ್ ಅಂಕಿ ಅಂಶದ ಹುಚ್ಚು, ಕೆಲವರಿಗೆ ಪಂಚಾಂಗದ ಹುಚ್ಚು. ಈತನಿಗೆ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರದ ಹುಚ್ಚು. ನಂಗನಲ್ಲೂರು ಮೀನಂಬಾಕ್ಕಂ ನಿಲ್ದಾಣದ ಮಗ್ಗುಲಲ್ಲೇ ಇರುವುದರಿಂದ ಆ ಹುಚ್ಚಿಗೆ ಔಷಧಿ ಸಿಗುವುದಿಲ್ಲ, ಗೊಬ್ಬರ ಸಿಗುತ್ತದೆ. ಟೆರೇಸಿನಲ್ಲಿ ಬಟ್ಟೆ ಒಣಹಾಕಿ ಬನ್ನಿ ಎಂದು ಕಳಿಸಿದರೆ ಬಕೆಟ್ಟನ್ನು ಕಾಲ ಬಳಿ ಇಟ್ಟು ತಲೆಯೆತ್ತಿ ನಿಂತುಬಿಡುತ್ತಾನೆ. ಅಗೋ ಕೊಲಂಬೋ, 650 ಕಿಲೋಮೀಟರ್. ಅಗೋ ಪೋರ್ಟ್ ಬ್ಲೇರ್, 1,370. ಅದು ಸಿಂಗಾಪುರದ್ದಿರಬೇಕು, 2,900. ಒದ್ದೆ ಪಂಚೆಗೆ ಹಗ್ಗ ಸಿಗುವುದು ಸಿಂಗಾಪುರ ಕಣ್ಮರೆಯಾದ ಮೇಲೆ.

ಗೋಡೆಗೆ ತಗುಲಿಹಾಕುವ ಜಗತ್ತಿನ ಭೂಪಟವನ್ನು ಆತ ನಂಬುವುದಿಲ್ಲ. ಗುಂಡಗಿರುವ ಭೂಮಿಯನ್ನು ಎಳೆದು ಹಿಗ್ಗಿಸಿ ಚಪ್ಪಟೆ ಮಾಡಿದ ಆ ಹಾಳೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಾಲು. ಅಂಥ ಹಾಳೆಯ ಮೇಲೆ ಚೆನ್ನೈಗೂ ಕ್ಯಾಲಿಫೋರ್ನಿಯಾಗೂ ನಡುವೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಫಿಲಿಪೈನ್ಸ್ ಮೇಲೆ ಹಾದು ಶಾಂತಸಾಗರಕ್ಕೆ ಬೀಳುತ್ತದೆ. ಚೆಂಡಿನ ಮೇಲೆ ಎರಡು ಬಿಂದುಗಳ ನಡುವಿನ ಹತ್ತಿರದ ದಾರಿಯೇ ಬೇರೆ. ಅದನ್ನು ಬೃಹತ್ ವೃತ್ತ ಎನ್ನುತ್ತಾರೆ. ಆ ದಾರಿ ಹಿಡಿದರೆ ಭೂಮಿಯ ಮೇಲಿನ ಯಾವ ಊರೂ ಇನ್ನೊಂದು ಊರಿಗೆ ಸುಮಾರು 20,000 ಕಿಲೋಮೀಟರಿಗಿಂತ ದೂರ ಇರಲು ಸಾಧ್ಯವಿಲ್ಲ. ನೆಂಟರಿಗೆ ಇದನ್ನು ಹೇಳಿ ನೋಡಿ, "ಹಂಗಾದ್ರೆ ಎಷ್ಟು ಗಂಟೆ?" ಎನ್ನುತ್ತಾರೆ.

ಹುಚ್ಚಿಗೆ ಕಳಶವಿಟ್ಟದ್ದು ಒಂದು ಶುಕ್ರವಾರದ ಸಂಜೆ. ಮನೆಯಲ್ಲೊಂದು ಗ್ಲೋಬಿದೆ, ಮೂವತ್ತು ಸೆಂಟಿಮೀಟರ್ ಅಡ್ಡಗಲದ್ದು. ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ನಡುವೆ ಅಗ್ಗಕ್ಕೆ ಸಿಕ್ಕಿದ್ದು, ಆದ್ದರಿಂದ ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಗಟ್ಟಿಯಾಗಿದೆ, ಚೆನ್ನೈ ಇನ್ನೂ ಮದ್ರಾಸು. ಅದರ ಮೇಲೆ ಬೃಹತ್ ವೃತ್ತವನ್ನು ಕಣ್ಣಾರೆ ಕಾಣಬೇಕೆಂದು ಲೇಖಕನಿಗೆ ಆಸೆಯಾಯಿತು. ಹೊಲಿಗೆ ದಾರ ಜಾರಿತು. ದರ್ಜಿಯ ಟೇಪು ಗುಂಡಗಿನ ಮೈಗೆ ಒಗ್ಗದೆ ಮಗ್ಗುಲು ತಿರುಗಿಸಿತು. ರಬ್ಬರ್ ಬ್ಯಾಂಡು ಅಳತೆಯ ಶತ್ರು, ಅದು ಎಲ್ಲವನ್ನೂ ಹತ್ತಿರ ತೋರಿಸುತ್ತದೆ. ಆಗ ಕಣ್ಣಿಗೆ ಬಿದ್ದದ್ದು ಫ್ರಿಜ್ಜಿನ ಮೇಲೆ ಬಾಳೆಲೆಯ ಪೊಟ್ಟಣದಲ್ಲಿ ಆಗಷ್ಟೇ ಬಂದಿಳಿದಿದ್ದ ಎರಡು ಮೊಳ ಮಲ್ಲಿಗೆ.

ಬಾಳೆನಾರು! ಎಳೆದರೆ ಹಿಗ್ಗುವುದಿಲ್ಲ, ಒದ್ದೆಯಾಗಿರುವುದರಿಂದ ಜಾರುವುದಿಲ್ಲ. ಸರ್ವೆ ಇಲಾಖೆಯವರಿಗೂ ಇಂಥದ್ದು ಸಿಕ್ಕಿರಲಾರದು.

ಮಾಲೆಯ ಒಂದು ತುದಿಯನ್ನು ಮದ್ರಾಸಿನ ಮೇಲೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಎಳೆದರೆ ಗ್ಲೋಬು ತಾನೇ ತಿರುಗಿ ಬ್ರೆಜಿಲನ್ನು ಮುಂದಿಟ್ಟಿತು. ಮೊಣಕೈಯಿಂದ ಆಫ್ರಿಕಾವನ್ನು ಅದುಮಿದರೆ ಗಲ್ಲದ ಕೆಳಗೆ ಆಸ್ಟ್ರೇಲಿಯಾ ಬಂತು. ಭೂಮಿಯನ್ನು ನಿಲ್ಲಿಸಲು ಮೂರನೆಯ ಕೈ ಬೇಕಾಯಿತು. ಗ್ರೈಂಡರಿನಲ್ಲಿ ಉದ್ದು ತಿರುಗುತ್ತಿದ್ದ ಅಡುಗೆಮನೆಯಿಂದ ಹೆಂಡತಿಯನ್ನು ಕರೆಯಲಾಯಿತು.

"ನೀನು ಸ್ವಲ್ಪ ಮದ್ರಾಸು ಹಿಡ್ಕೋ."

"ಮದುವೆ ಆದಾಗಿಂದ ಅದನ್ನೇ ಹಿಡ್ಕೊಂಡಿದೀನಲ್ಲ," ಎಂದಳು ಆಕೆ. ಮೈಸೂರು ಬಿಟ್ಟು ಬಂದ ಸಿಟ್ಟು ಈ ಮನೆಯಲ್ಲಿ ಉದ್ದಿನ ಹಿಟ್ಟಿನ ಜೊತೆಗೇ ಹುಳಿ ಬರುತ್ತದೆ. ಆದರೂ ಹಿಟ್ಟು ಹತ್ತಿದ ಬೆರಳಿಂದ ಮದ್ರಾಸನ್ನು, ಜೊತೆಗೆ ಅರ್ಧ ಆಂಧ್ರವನ್ನು ಒತ್ತಿ ಹಿಡಿದಳು.

ಎಳೆದಾಗ ಹೊಸ ತೊಡಕು. ಮೊಗ್ಗುಗಳು ದಪ್ಪ; ನಾರು ಭೂಮಿಗೆ ತಾಗುತ್ತಲೇ ಇಲ್ಲ. ಲೇಖಕ ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಈ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ 425 ಕಿಲೋಮೀಟರ್. ಮಲ್ಲಿಗೆ ಮೊಗ್ಗು ನಾರನ್ನು ಅರ್ಧ ಸೆಂಟಿಮೀಟರ್ ಎತ್ತಿ ಹಿಡಿದರೆ ಅದು ನೆಲದಿಂದ ಇನ್ನೂರು ಕಿಲೋಮೀಟರ್ ಮೇಲೆ ಹೋದಂತೆ. ಅಲ್ಲಿ ಹಾರುವುದು ಉಪಗ್ರಹಗಳು. ಪ್ರಯಾಣಿಕರ ವಿಮಾನ ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರ ಈ ಗ್ಲೋಬಿನಲ್ಲಿ ಕಾಲು ಮಿಲಿಮೀಟರ್ ಮಾತ್ರ. ಆಕಾಶದಲ್ಲಿ ಹಾರಿಬಂದೆವು ಎಂದು ಹೇಳಿಕೊಳ್ಳುವವರೆಲ್ಲ ಭೂಮಿಯ ಮೈಗೆ ಅಂಟಿಕೊಂಡೇ ಬಂದವರು! ಈ ಸತ್ಯವನ್ನು ಹೆಂಡತಿಗೆ ವಿವರಿಸುತ್ತ ವಿವರಿಸುತ್ತ ಆತನ ಬೆರಳು ಅದರ ಪಾಡಿಗೆ ಅದು ಮೊಗ್ಗುಗಳನ್ನು ಒಂದೊಂದಾಗಿ ಕೀಳುತ್ತಿತ್ತು. ಆಕೆ ಮದ್ರಾಸನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಮತ್ತೆ ಬ್ರೆಜಿಲ್ ಬರುತ್ತದೆ. ನೋಡುತ್ತ ನಿಂತಳು. ಆ ನೋಟವನ್ನು ವರ್ಣಿಸುವ ಧೈರ್ಯ ಈ ಪ್ರಬಂಧಕ್ಕಿಲ್ಲ.

ಬೋಳು ನಾರು ಭೂಮಿಗೆ ಅಂಟಿತು. ಬಿಗಿಯಾಗಿ ಎಳೆದಾಗ ಅದು ತಾನೇ ತನ್ನ ದಾರಿ ಹುಡುಕಿಕೊಂಡಿತು. ಫಿಲಿಪೈನ್ಸ್ ಕಡೆಗೆ ತಿರುಗಿಯೂ ನೋಡಲಿಲ್ಲ. ಮದ್ರಾಸಿನಿಂದ ಬಂಗಾಳಕೊಲ್ಲಿಗೆ ಇಳಿದು ರಾಜಮಹೇಂದ್ರಿಯ ಬಳಿ ಗೋದಾವರಿಯನ್ನು ದಾಟಿ, ಒಡಿಶಾ, ಜಾರ್ಖಂಡ್, ಬಿಹಾರದ ದರ್ಭಂಗಾ ಎಂದು ಉತ್ತರಕ್ಕೆ ನಡೆಯಿತು. ಮುಂದೆ ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ಬೈಕಲ್ ಸರೋವರ. ಹಿಮ ಬಿಟ್ಟರೆ ಇನ್ನೇನೂ ಇಲ್ಲದ ಚುಕೋಟ್ಕಾದಲ್ಲಿ ಅತ್ಯಂತ ಉತ್ತರದ ತಿರುವು. ಅಲ್ಲಿಂದ ಬೇರಿಂಗ್ ಜಲಸಂಧಿ ದಾಟಿ ಅಲಾಸ್ಕಾದ ಆಂಕರೇಜ್, ಆಮೇಲೆ ನೇರ ಕೆಳಗೆ ಮಗಳ ಊರು. ಉದ್ದ ಮೂವತ್ತೆರಡೂ ಮುಕ್ಕಾಲು ಸೆಂಟಿಮೀಟರ್. ಚೆನ್ನೈಯಲ್ಲಿ ಮಲ್ಲಿಗೆಯನ್ನು ಯಾರೂ ಸೆಂಟಿಮೀಟರಿನಲ್ಲಿ ಕೊಳ್ಳುವುದಿಲ್ಲವಾದ್ದರಿಂದ ಮೊಳದಲ್ಲೂ ಹೇಳಬೇಕು: ಮುಕ್ಕಾಲು ಮೊಳ, ಅರ್ಧ ಬೆರಳು ಕಡಿಮೆ. ದಿನಾ ಸಂಜೆ ಬರುವ ಹೂವಿನವಳ ಮೊಳದಲ್ಲಾದರೆ ಪೂರ್ತಿ ಮುಕ್ಕಾಲು. ಆಕೆಯ ಮೊಳ ಹಬ್ಬದ ದಿನಗಳಲ್ಲಿ ಇನ್ನಷ್ಟು ಗಿಡ್ಡವಾಗುವುದರಿಂದ ದೀಪಾವಳಿಯಲ್ಲಿ ಅಮೆರಿಕ ಸ್ವಲ್ಪ ದೂರವೇ.

ಆದರೆ ಲೇಖಕನನ್ನು ಕುಣಿಸಿದ್ದು ಉದ್ದವಲ್ಲ. ದರ್ಭಂಗಾ ದಾಟಿದ ನಾರು ನೇಪಾಳದ ಅಂಚಿನಲ್ಲಿ ಒಂದು ಪುಟ್ಟ ಕಪ್ಪು ತ್ರಿಕೋನವನ್ನು ಮುಚ್ಚಿಕೊಂಡಿತ್ತು. ನಾರನ್ನು ಉಗುರಿನಿಂದ ಸರಿಸಿ ಕನ್ನಡಕ ಏರಿಸಿ ನೋಡಿದರೆ ತ್ರಿಕೋನದ ಪಕ್ಕದಲ್ಲಿ ಅಚ್ಚಾಗಿತ್ತು: 29,028 ಅಡಿ. ಎವರೆಸ್ಟ್!

ನಾರಿನ ದಪ್ಪ ಒಂದು ಮಿಲಿಮೀಟರ್; ಅಂದರೆ ಈ ದಾರಿ ಮೀನಂಬಾಕ್ಕಂನಿಂದ ಚೆಂಗಲ್ಪಟ್ಟಿನಷ್ಟು ಅಗಲ. ಅಷ್ಟು ಅಗಲದ ದಾರಿಯಲ್ಲಿ ಯಾವ ಬೆಟ್ಟ ಬೇಕಾದರೂ ಸಿಕ್ಕೀತು ಎಂಬ ಸಂಶಯ ನ್ಯಾಯವಾದದ್ದೇ. ಲೇಖಕ ಮದುವೆ ಕರೆಯೋಲೆಯ ಲಕೋಟೆಯೊಂದರ ಬೆನ್ನಿನ ಮೇಲೆ ಸೈನು ಕೊಸೈನು ಬರೆದು ಕೂತ. ಭೂಮಿಯನ್ನು ನಿಷ್ಕಳಂಕ ಗೋಳ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಚೆನ್ನೈ–ಸ್ಯಾನ್ ಫ್ರಾನ್ಸಿಸ್ಕೋ ಬೃಹತ್ ವೃತ್ತ ಎವರೆಸ್ಟ್ ಶಿಖರದಿಂದ ಕೆಲವೇ ಕಿಲೋಮೀಟರ್ ಅಂತರದಲ್ಲಿ ಹಾಯುತ್ತದೆ. ನಂಬದವರು ತಾವೇ ಲೆಕ್ಕ ಹಾಕಿಕೊಳ್ಳಬಹುದು, ಲಕೋಟೆ ತಾವೇ ತರಬೇಕು.

ಮಗಳಿಗೆ ಫೋನು ಹೋಯಿತು. ಅಲ್ಲಿ ಬೆಳಕು ಹರಿದಿರಲಿಲ್ಲ. ಅಪ್ಪ ಉಸಿರುಗಟ್ಟಿ ಎವರೆಸ್ಟಿನ ಸುದ್ದಿ ಹೇಳುವುದನ್ನು ಆಕೆ ಪೂರ್ತಿ ಕೇಳಿದಳು. ಕೊನೆಗೆ, "ಅಪ್ಪಾ, ನಾನು ಬರೋದು ದುಬೈ ಮೇಲೆ," ಎಂದಳು.

ಅದು ನಿಜ. ಆ ದಾರಿಯಲ್ಲಿ ಯಾರೂ ಬರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಹತ್ತು ಸಾವಿರ ಅಡಿಗೆ ಇಳಿಯಬೇಕು. ತಲೆಯ ಮೇಲಿಂದ ಜೋತುಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಇರುವುದು ಸ್ವಲ್ಪ ಹೊತ್ತಿಗಷ್ಟೇ. ಟಿಬೆಟ್ಟಿನಲ್ಲಿ ನೆಲವೇ ಹದಿನಾಲ್ಕು ಹದಿನೈದು ಸಾವಿರ ಅಡಿ ಎತ್ತರದಲ್ಲಿರುವಾಗ ಎಲ್ಲಿಗೆ ಇಳಿಯುವುದು? ಅದರ ಮೇಲೆ ದೇಶ ದೇಶಗಳ ಆಕಾಶದ ಜಗಳ. ಹೀಗಾಗಿ ಚೆನ್ನೈಯವರು ಮೊದಲು ತಿರುವು ಮುರುವು ದಿಕ್ಕಿಗೆ, ಪಶ್ಚಿಮಕ್ಕೆ, 2,900 ಕಿಲೋಮೀಟರ್ ಹಾರಿ ದುಬೈಯಲ್ಲಿಳಿದು, ಅಲ್ಲಿಂದ ಇನ್ನೊಂದು 13,000 ಹಾರುತ್ತಾರೆ. ಎರಡು ಸಾವಿರ ಕಿಲೋಮೀಟರ್ ದಂಡ. ಗ್ಲೋಬಿನಲ್ಲಿ ದುಬೈಯಿಂದ ನಾರು ಎಳೆದರೆ ಅದು ಬಹುಮಟ್ಟಿಗೆ ಉತ್ತರ ಧ್ರುವದ ಮೇಲೇ ಹೋಗುತ್ತದೆ. ಮೂರ್ ಮಾರ್ಕೆಟ್ಟಿನ ಗ್ಲೋಬಿನಲ್ಲಿ ಅಲ್ಲೊಂದು ತುಕ್ಕು ಹಿಡಿದ ಸ್ಕ್ರೂ ಇದೆ.

ಈಗಿನ ಮೊಬೈಲುಗಳ ಬುದ್ಧಿವಂತಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಎರಡು ಊರಿನ ಹೆಸರು ಕೊಟ್ಟರೆ ಅವು ದೂರವನ್ನು ಗಂಟೆಗೆ 800 ಕಿಲೋಮೀಟರಿನಿಂದ ಭಾಗಿಸಿ, ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸಿ, "ಹಾರಾಟದ ಅವಧಿ ಹದಿನೆಂಟು ಗಂಟೆ" ಎಂದು ಘೋಷಿಸುತ್ತವೆ. ಯಾವ ವಿಮಾನ? ಯಾರು ಓಡಿಸುತ್ತಾರೆ? ಚೆನ್ನೈಯಿಂದ ಅಮೆರಿಕಕ್ಕೆ ನೇರ ವಿಮಾನವೇ ಇಲ್ಲ! ಇಲ್ಲದ ವಿಮಾನ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನಿಮಿಷದ ಲೆಕ್ಕದಲ್ಲಿ ಹೇಳುವ ಧೈರ್ಯ ಜಾತಕ ಬರೆಯುವವರಿಗೂ ಇಲ್ಲ. ಸೋದರತ್ತೆ ಇದನ್ನೇ ನೋಡಿಕೊಂಡು, "ಹದಿನೆಂಟು ಗಂಟೆ ಅಂತೆ, ನಿಮ್ಮ ಮಗಳಿಗೆ ಮಾತ್ರ ಯಾಕೆ ಒಂದು ದಿನ ಮೀರುತ್ತೆ?" ಎಂದು ಕೇಳಿದ್ದುಂಟು.

ಎವರೆಸ್ಟ್ ಸಿಕ್ಕಿದ ಖುಷಿ ಮಾತ್ರ ಇಳಿಯಲಿಲ್ಲ. ಅದಕ್ಕೊಂದು ಕಾರಣವೂ ಇದೆ. ನಂಗನಲ್ಲೂರಿನ ಟೆರೇಸಿನಿಂದ ವಿಮಾನಗಳ ಜೊತೆಗೆ ಕಾಣುವ ಇನ್ನೊಂದು ವಸ್ತು ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್. ಎವರೆಸ್ಟಿನ ಎತ್ತರ ಅಳೆಯುವ ಕೆಲಸದ ಮೊದಲ ಗೆರೆ ಎಳೆದದ್ದು ಈ ಗುಡ್ಡದ ಬುಡದಿಂದ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ನೂರು ಅಡಿಯ ಉಕ್ಕಿನ ಸರಪಣಿ ಹಿಡಿದು ಇಲ್ಲಿಂದ ಪೆರುಂಬಾಕ್ಕಂ ಗುಡ್ಡದ ಕಡೆಗೆ ಏಳೂವರೆ ಮೈಲಿ ಅಳೆಯಲು ಹೊರಟ. ಮಹಾ ತ್ರಿಕೋನಮಿತಿ ಸರ್ವೆಯ ಆಧಾರರೇಖೆ ಅದು. ಏಳೂವರೆ ಮೈಲಿಗೆ ಹಿಡಿದದ್ದು 57 ದಿನ.

ತಿಂಗಳು ಗಮನಿಸಿ. ಏಪ್ರಿಲ್ ಎರಡನೇ ವಾರದಿಂದ ಜೂನ್ ಮೊದಲ ವಾರ. ಚೆನ್ನೈಯವರು ಕತ್ತರಿ ವೆಯಿಲ್ ಎಂದು ಕರೆಯುವ ಅಗ್ನಿನಕ್ಷತ್ರ ಪೂರ್ತಿಯಾಗಿ ಅದರೊಳಗೆ ಬರುತ್ತದೆ. ಬಿಸಿಲಿಗೆ ಉಕ್ಕು ಹಿಗ್ಗಿದರೆ ಅಳತೆ ಕೆಡುತ್ತದೆಂದು ಲ್ಯಾಂಬ್ಟನ್ ಸರಪಣಿಯನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ ನೆರಳು ಕೊಟ್ಟ. ಹಿಡಿದು ನಡೆದವರಿಗೆ ನೆರಳು ಕೊಟ್ಟನೋ ಇಲ್ಲವೋ. ದಿನಕ್ಕೆ ಇನ್ನೂರು ಮೀಟರಿನ ಆಸುಪಾಸಿನಲ್ಲಿ ಸಾಗಿದ ಆ ಮೆರವಣಿಗೆಯ ದೂರವನ್ನು ಪೂರ್ಣ ವೇಗದಲ್ಲಿರುವ ಜೆಟ್ ವಿಮಾನ ಒಂದು ನಿಮಿಷದೊಳಗೆ ಮುಗಿಸುತ್ತದೆ.

ಕನ್ನಡಿಗರಿಗೆ ಈ ಲ್ಯಾಂಬ್ಟನ್ ಅಪರಿಚಿತನೇನಲ್ಲ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಬಂದವರಲ್ಲಿ ಆತನೂ ಒಬ್ಬ. ಒಂದು ರಾತ್ರಿ ಜನರಲ್ ಬೇರ್ಡ್ ಪಡೆಯನ್ನು ನಡೆಸಿಕೊಂಡು ಹೋಗುತ್ತಿದ್ದಾಗ ಲ್ಯಾಂಬ್ಟನ್ ನಕ್ಷತ್ರ ನೋಡಿ, ಸ್ವಾಮೀ, ನಾವು ಹೋಗುತ್ತಿರುವುದು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಶತ್ರುವಿನ ಬಾಯಿಗೆ ಎಂದು ಎಚ್ಚರಿಸಿದನಂತೆ. ಜನರಲ್ಲನಿಗೆ ಅದು ರುಚಿಸಲಿಲ್ಲ, ಆದರೆ ನಕ್ಷತ್ರಗಳೇ ಸರಿಯಾಗಿದ್ದವು. ಮರುವರ್ಷ ಅವನು ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಕೈ ಪಳಗಿಸಿಕೊಂಡ. ಮದ್ರಾಸಿನ ಸರದಿ ಬಂದದ್ದು ಆಮೇಲೆ. ತ್ರಿಕೋನಕ್ಕೆ ತ್ರಿಕೋನ ಜೋಡಿಸುತ್ತ ಮದ್ರಾಸಿನಿಂದ ಮಂಗಳೂರಿನ ತನಕ ಹೋದಾಗ ಭೂಪಟದವರ ಮರ್ಯಾದೆ ಹೋಯಿತು: ಸುಮಾರು 400 ಮೈಲಿ ಎಂದುಕೊಂಡಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿಯಷ್ಟೇ ಎಂದು ತಿಳಿಯಿತು. ಯಾರೋ ಗೀಚಿದ ಗೆರೆಯಿಂದ ಮಂಗಳೂರಿನವರು ಅಷ್ಟು ಕಾಲ ನಲವತ್ತು ಮೈಲಿ ದೂರದಲ್ಲಿದ್ದರು.

1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಸರಪಣಿ ಹಿಡಿದವನು ಜಾರ್ಜ್ ಎವರೆಸ್ಟ್. ಹಿಮಾಲಯದ ಶಿಖರಕ್ಕೆ 1865ರಲ್ಲಿ ಸಿಕ್ಕಿದ್ದು ಅವನ ಹೆಸರು. ಲೆಕ್ಕ ಮಾಡಿದ್ದು ಬಂಗಾಳದ ರಾಧಾನಾಥ ಸಿಕ್ದಾರ್. ಏಪ್ರಿಲ್ ಬಿಸಿಲಿನಲ್ಲಿ ಮೊದಲು ಬೆಂದವನು ಲ್ಯಾಂಬ್ಟನ್. ಅವನಿಗೆ ಸಂದದ್ದು ಪರಂಗಿಮಲೈಯ ಮೇಲೊಂದು ಎದೆಮಟ್ಟದ ಪ್ರತಿಮೆ. ಚರ್ಚು ನೋಡಲು ಬಂದವರು ಅದರ ಪಕ್ಕದಲ್ಲಿ ನಿಂತು ಕೆಳಗೆ ಇಳಿಯುವ ವಿಮಾನಗಳ ಫೋಟೋ ತೆಗೆಯುತ್ತಾರೆ.

ವಿಮಾನದ ಮಾತಿಗೆ ಬಂದರೆ, ಮದ್ರಾಸಿಗೆ ಮೊದಲ ಟಪಾಲು ವಿಮಾನ ಬಂದ ಕಥೆಯಲ್ಲಿ ಬಳ್ಳಾರಿಯ ಪಾತ್ರವನ್ನು ಬಳ್ಳಾರಿಯವರೇ ಮರೆತಂತಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾಥ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಚೀಲ ಹೊತ್ತು ಹೊರಟರು. ಅಹಮದಾಬಾದಿನಲ್ಲಿಳಿದಾಗ ಇಂಧನದ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬಯಿಯ ಜುಹೂವಿನಲ್ಲಿ ಚೀಲ ಕೈ ಬದಲಾಗಿ, ನೆವಿಲ್ ವಿನ್ಸೆಂಟ್ ಅದನ್ನು ಹೊತ್ತು ಬಳ್ಳಾರಿಗೆ ಹಾರಿ, ಅಲ್ಲಿ ರಾತ್ರಿ ತಂಗಿ, ಮರುದಿನ ಮದ್ರಾಸು ಮುಟ್ಟಿದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಟಾಟಾ ಅವರ ಮೊದಲ ಅಂಚೆ ವಿಮಾನ ಬಳ್ಳಾರಿಯಲ್ಲಿ ಮಲಗೆದ್ದು ಬಂತು ಎಂಬುದು ಲೇಖಕನ ಪ್ರಕಾರ ಶಾಲಾ ಪುಸ್ತಕಕ್ಕೆ ಏರಬೇಕಾದ ಸಂಗತಿ. ದುಬೈಯಲ್ಲಿ ಮೂರು ತಾಸು ಕಾಯಬೇಕು ಎಂದು ಗೊಣಗುವವರಿಗೆ ಆತ ಈ ಕಥೆ ಹೇಳುತ್ತಾನೆ. ಅವರು ಇನ್ನೂ ಜಾಸ್ತಿ ಗೊಣಗುತ್ತಾರೆ.

ದೂರಕ್ಕೂ ಹೊತ್ತಿಗೂ ಇರುವ ಹಗೆತನ ನೋಡಲು ಅಮೆರಿಕದವರೆಗೆ ಹೋಗಬೇಕಿಲ್ಲ. ಚೆನ್ನೈ–ಬೆಂಗಳೂರು ನಿಲ್ದಾಣಗಳ ನಡುವೆ 270 ಕಿಲೋಮೀಟರ್. ವಿಮಾನ ಗಾಳಿಯಲ್ಲಿರುವುದು ಸುಮಾರು ನಲವತ್ತು ನಿಮಿಷ. ಏರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು. ಗಿರಿನಗರದ ಭಾವಮೈದುನ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಗಿರಿನಗರದಿಂದ ದೇವನಹಳ್ಳಿಗೆ ಹೊರಡುವ ಹೊತ್ತನ್ನು ಮಾತ್ರ ಹೇಳುವುದಿಲ್ಲ. 2008ರ ಮೇ 24ರಂದು ನಿಲ್ದಾಣ ಹೆಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ ಬೆಂಗಳೂರಿನ ದಕ್ಷಿಣ ಭಾಗದವರಿಗೆ ಚೆನ್ನೈಗಿಂತ ತಮ್ಮ ನಿಲ್ದಾಣವೇ ದೂರ. ಟ್ಯಾಕ್ಸಿ, ಭದ್ರತಾ ತಪಾಸಣೆ, ಕಾಯುವಿಕೆ, ಆ ನಲವತ್ತು ನಿಮಿಷ, ಮತ್ತೆ ಪೆಟ್ಟಿಗೆಯ ಕಾಯುವಿಕೆ ಎಲ್ಲ ಸೇರಿದರೆ ಐದು ಗಂಟೆ. 2022ರ ನವೆಂಬರ್ 11ರಿಂದ ಓಡುತ್ತಿರುವ ಮೈಸೂರು–ಚೆನ್ನೈ ವಂದೇ ಭಾರತ್ ರೈಲು ಬೆಂಗಳೂರಿನಿಂದ ಚೆನ್ನೈ ಸೆಂಟ್ರಲ್‌ಗೆ ನಾಲ್ಕೂವರೆ ಗಂಟೆಯಲ್ಲಿ ಬರುತ್ತದೆ, ತಿಂಡಿ ಸಮೇತ. ಭಾವಮೈದುನ ಆದರೂ ವಿಮಾನದಲ್ಲೇ ಬರುತ್ತಾನೆ. ಚಕ್ರ ನೆಲಕ್ಕೆ ತಾಗಿದ ಕೂಡಲೇ ಎದ್ದು ನಿಂತು, ಬಾಗಿಲು ತೆರೆಯುವ ತನಕ ಕುತ್ತಿಗೆ ಬಗ್ಗಿಸಿಕೊಂಡು ನಿಲ್ಲುವ ಜಾತಿಯವನು.

ಇನ್ನು ಗಡಿಯಾರ. ಇಂದಿನ ಭಾರತೀಯ ಕಾಲಮಾನ ಬಂದದ್ದು 1906ರಲ್ಲಿ. ಅದಕ್ಕೂ ಮುಂಚೆ ದೇಶದ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ಟೈಮಿನಲ್ಲಿ. 1792ರಲ್ಲಿ ಕಟ್ಟಿದ ನುಂಗಂಬಾಕ್ಕಂ ವೀಕ್ಷಣಾಲಯ ಹೇಳಿದ ಹೊತ್ತು ಅದು. ಈಗಿನ ಗಡಿಯಾರಕ್ಕಿಂತ ಸುಮಾರು ಒಂಬತ್ತು ನಿಮಿಷ ಹಿಂದೆ. ಲೇಖಕ ಎಲ್ಲಿಗಾದರೂ ತಡವಾಗಿ ಹೋದರೆ ಮದ್ರಾಸ್ ಟೈಮಿನ ಪ್ರಕಾರ ಸರಿಯಾಗೇ ಬಂದಿರುವುದಾಗಿ ಹೇಳುತ್ತಾನೆ. ಹೆಚ್ಚಿನ ಸಲ ಒಂಬತ್ತು ನಿಮಿಷ ಸಾಲುವುದಿಲ್ಲ.

ಒಂಬತ್ತು ನಿಮಿಷವೇನು, ಇಡೀ ಭಾನುವಾರ ಕಳೆದುಕೊಂಡವರಿದ್ದಾರೆ. 2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾ ವಿಮಾನವೊಂದು ಬೆಂಗಳೂರಿಗೆ ಮೊದಲ ಬಾರಿ ನೇರವಾಗಿ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ; ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 16,000 ಕಿಲೋಮೀಟರ್ ಕ್ರಮಿಸಿ, 11ನೇ ತಾರೀಖು ಸೋಮವಾರ ನಸುಕಿಗೆ ದೇವನಹಳ್ಳಿಯಲ್ಲಿ ಇಳಿಸಿದರು. ಶನಿವಾರ ಹತ್ತಿ ಸೋಮವಾರ ಇಳಿದರೂ ಹಾರಿದ್ದು ಹದಿನೇಳು ಗಂಟೆಯ ಆಸುಪಾಸು. ಎರಡೂ ಊರಿನ ಗಡಿಯಾರಕ್ಕೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಉಳಿದದ್ದನ್ನು ಆಕಾಶ ನುಂಗಿತು. ಆ ಭಾನುವಾರ ಪ್ರಯಾಣಿಕರಲ್ಲಿ ಯಾರದ್ದಾದರೂ ಹುಟ್ಟುಹಬ್ಬವಿದ್ದರೆ ಅದು ನಡೆದದ್ದು ಯಾವ ಊರಿನಲ್ಲಿ? ಇಂಥ ಪ್ರಶ್ನೆ ಕೇಳಿದರೆ ಮನೆಯಲ್ಲಿ ಟಿ.ವಿ. ಶಬ್ದ ಜಾಸ್ತಿಯಾಗುತ್ತದೆ.

ಅಂಗೈಯಗಲದ ಮೋಡವೂ ಲೆಕ್ಕ ಕೆಡಿಸಬಲ್ಲದು. ಚೆನ್ನೈಯ ಎರಡನೇ ರನ್‌ವೇ ಅಡ್ಯಾರ್ ನದಿಯ ಮೇಲೆ ಸೇತುವೆ ಕಟ್ಟಿ ಉದ್ದ ಮಾಡಿದ್ದು. 2015ರ ಡಿಸೆಂಬರಿನಲ್ಲಿ ನದಿ ತನ್ನ ಜಾಗ ಕೇಳಲು ಬಂತು. ನಿಲ್ದಾಣ ಕೆಲವು ದಿನ ಮುಚ್ಚಿ, ವಿಮಾನಗಳು ಅರಕ್ಕೋಣಂನ ನೌಕಾನೆಲೆಯಿಂದ ಹಾರಿದವು. ಗ್ಲೋಬಿನ ಮೇಲೆ ಒಂದು ಮಿಲಿಮೀಟರೂ ಬದಲಾಗಿರಲಿಲ್ಲ.

ಎದುರುಮನೆಯ ಅಜ್ಜಿ ತೀರಿಕೊಂಡ ರಾತ್ರಿ ಮಾತ್ರ ಲೇಖಕನನ್ನು ಜನ ತಾವಾಗಿಯೇ ಕರೆಸಿಕೊಂಡರು. ಮಗ ಅಮೆರಿಕದಲ್ಲಿ. ಬಾಡಿಗೆಯ ಫ್ರೀಜರ್ ಪೆಟ್ಟಿಗೆ ಬಂದು ನಡುಮನೆಯಲ್ಲಿ ಗುಂಯ್ ಎನ್ನುತ್ತಿತ್ತು. ಪೆಟ್ಟಿಗೆಯವನಿಗೆ ಎಷ್ಟು ದಿನದ ಬಾಡಿಗೆ ಎಂದು ಬರೆದುಕೊಳ್ಳಬೇಕಿತ್ತು, ಪುರೋಹಿತರಿಗೆ ಯಾವ ಹೊತ್ತಿಗೆ ಬರಬೇಕೆಂದು ತಿಳಿಯಬೇಕಿತ್ತು, ವಿದ್ಯುತ್ ಚಿತಾಗಾರದಲ್ಲಿ ಸಮಯ ಕಾದಿರಿಸಬೇಕಿತ್ತು. "ನಿಮಗೆ ಇದೆಲ್ಲ ಗೊತ್ತಲ್ಲ, ಸಾರ್, ಎಷ್ಟು ಗಂಟೆ?" ಎಂದರು. ಆತ ಡಿಗ್ರಿ ಹೇಳಲಿಲ್ಲ. ಕಾಗದ ತೆಗೆದುಕೊಂಡು ಬರೆದ: ಮಗ ಟಿಕೆಟ್ ಹಿಡಿಯುವ ಹೊತ್ತು, ಮನೆಯಿಂದ ನಿಲ್ದಾಣ, ದೊಡ್ಡ ಹಾರಾಟ, ನಡುವಿನ ಕಾಯುವಿಕೆ, ಸಣ್ಣ ಹಾರಾಟ, ಇಮಿಗ್ರೇಷನ್ ಸಾಲು. ಪೆಟ್ಟಿಗೆಗಳಿಗಾಗಿ ಕಾಯುವ ಅರ್ಧ ಗಂಟೆಯನ್ನು ಹೊಡೆದುಹಾಕಿದ. ಇಂಥ ಪ್ರಯಾಣಕ್ಕೆ ಯಾರೂ ಪೆಟ್ಟಿಗೆ ತರುವುದಿಲ್ಲ. ನಾಡಿದ್ದು ಬೆಳಗಿನ ಜಾವ ಎಂದು ಹೇಳಿದ. ಮಗ ಬಂದದ್ದೂ ಆಗಲೇ, ಕೈಯಲ್ಲೊಂದು ಲ್ಯಾಪ್‌ಟಾಪ್ ಚೀಲ ಬಿಟ್ಟರೆ ಬೇರೇನೂ ಇಲ್ಲದೆ. ಲೆಕ್ಕ ಸರಿಹೋಯಿತೆಂದು ಯಾರೋ ಬೆನ್ನು ತಟ್ಟಿದ್ದು ಲೇಖಕನಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಹಾಗೆಂದು ಹುಚ್ಚೇನೂ ಬಿಟ್ಟಿಲ್ಲ. ಹೆಂಡತಿ ಮಾತ್ರ ಈಗ ಮಲ್ಲಿಗೆಯನ್ನು ಫ್ರಿಜ್ಜಿನೊಳಗೆ, ಮೊಸರಿನ ಪಾತ್ರೆಯ ಹಿಂದೆ ಇಡುತ್ತಾಳೆ.

ಚೆನ್ನೈಯಲ್ಲಿ ಮಕ್ಕಳ ದಾರಿ ಕಾಯುವವರಿಗೆ ಒಂದು ಮಾತು. ಎಷ್ಟು ಗಂಟೆ ಎಂದು ಕೇಳಬೇಡಿ, ಫ್ಲೈಟ್ ನಂಬರ್ ಕೇಳಿ ಇಟ್ಟುಕೊಳ್ಳಿ. ತಾರೀಖನ್ನು ಭಾರತದ ಗಡಿಯಾರದಲ್ಲಿ ಕೇಳಿ. ವಿದೇಶದ ವಿಮಾನಗಳು ಇಲ್ಲಿ ಇಳಿಯುವುದು ಬಹುಪಾಲು ನಡುರಾತ್ರಿ ಕಳೆದ ಮೇಲೆ. ನಿಲ್ದಾಣದ ಬಾಗಿಲಿಗೇ ಬರುವ ಮೆಟ್ರೋ ರಾತ್ರಿ ಹನ್ನೊಂದರ ಹೊತ್ತಿಗೆ ನಿಂತರೆ ಮತ್ತೆ ಹೊರಡುವುದು ಬೆಳಗ್ಗೆ ಐದಕ್ಕೆ. ಆಟೋದವನ ಹತ್ತಿರ ಹೋಗುವಾಗಲೇ ದರ ಮಾತಾಡಿಕೊಂಡಿರಿ.